ಬೀಗದವನ ಮನೆಯ ಬಾಗಿಲು

ಏಳು ಸಮುದ್ರದಾಚೆ, ಏಳು ಕೋಟೆಯೊಳಗೆ, ಒಂದು ಗಿಳಿಯ ಗಂಟಲಲ್ಲಿ ಒಬ್ಬ ರಾಕ್ಷಸನ ಪ್ರಾಣವಿತ್ತಂತೆ. ದಾರಿಯುದ್ದಕ್ಕೂ ಹಾವು, ಮೊಸಳೆ, ಬೆಂಕಿಯ ಕಾವಲಿಟ್ಟ ಆ ಜಾಣ, ಮನೆಯಲ್ಲಿ ತಲೆ ಒತ್ತಿಸಿಕೊಳ್ಳುತ್ತ ಕೂತಾಗ ಗುಟ್ಟನ್ನು ತಾನೇ ಬಾಯಿಬಿಟ್ಟನಂತೆ. ಚಿಕ್ಕವಳಿದ್ದಾಗ, ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಹೊಸ್ತಿಲಾಚೆ ನಿಂತ ಕೆಳಮನೆಯ ಟೀಚರ್ ಮುಖ ನೋಡಿದಾಗ ಆ ರಾಕ್ಷಸ ನೆನಪಾದ, ನಗು ಬರಲಿಲ್ಲ.

"ನಿಮ್ಮತ್ತೆ ಮೆಟ್ಟಿಲ ಮೇಲೆ ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ?" ಟೀಚರ್ ದನಿ ಏರಲಿಲ್ಲ, ಏರಿದ್ದರೆ ತಡೆದುಕೊಳ್ಳಬಹುದಿತ್ತು. "'ಮನಸ್ಸಿನ ಆಸ್ಪತ್ರೇಲಿ ಇದ್ದು ಬಂದಿದ್ದಕ್ಕೆ ಯಾಕಮ್ಮ ನಾಚಿಕೆ, ನಾವೆಲ್ಲ ಇದ್ದೀವಲ್ಲ' ಅಂತ. ಪಕ್ಕದಲ್ಲೇ ನನ್ನ ಕ್ಲಾಸಿನ ಹುಡುಗನ ತಾಯಿ ನಿಂತಿದ್ರು. ನನ್ನ ಹೆತ್ತಮ್ಮಂಗೂ ನಾನು ಹೇಳಿರ್ಲಿಲ್ಲ."

ಅದು ಎಲ್ಲಿಂದ ಹೊರಟಿತೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆ ಖರ್ಚಿಗೆ ವಿಮೆ ಕೊಡುವ ಕಂಪನಿಯ ಕೆಲಸವನ್ನು ಅವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದಳು. ನಿನ್ನೆ ಟೀಚರ್ ಫೈಲು ಫೋಟೋ ಸಮೇತ ಪರದೆಯ ಮೇಲೆ ಬಂದಿತ್ತು. ಗುರುತಿನವರದು ಎಂದು ಅದನ್ನು ಕಂಪನಿಯ ಬೇರೊಬ್ಬರಿಗೆ ದಾಟಿಸುವಷ್ಟರಲ್ಲಿ, ಅತ್ತೆ ನೀರಿನ ಲೋಟ ಹಿಡಿದು ಬೆನ್ನ ಹಿಂದೆ ನಿಂತು "ಅಯ್ಯೋ ಪಾಪ" ಅಂದಿದ್ದರು.

"ಕಂಪನಿಗೆ ಬರಿ," ಟೀಚರ್ ಮೊದಲ ಸಲ ಏಕವಚನಕ್ಕಿಳಿದರು. "ಹೀಗಾಯ್ತು ಅಂತ ನೀನೇ ಬರಿ."

"ಇವತ್ತೇ ಬರೀತೀನಿ."

ಕೆಳಗೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಲ್ಯಾಪ್‌ಟಾಪಿಂದ ಏನೂ ಹೊರಗೆ ಹೋಗಿಲ್ವಲ್ಲ?" ಎಂದ ಮ್ಯಾನೇಜರ್.

"ಇಲ್ಲ."

"ಹಾಗಾದ್ರೆ ಏನೂ ಆಗಿಲ್ಲ ಬಿಡಿ. ಬರೆದ್ರೆ ತಪ್ಪು ನಿಮ್ಮ ತಲೆಗೇ ಬರುತ್ತೆ. ಕೆಲಸ ಉಳಿಯಲ್ಲ. ಸುಮ್ನೆ ಮುಂದಿನ ಫೈಲ್ ನೋಡಿ."

ಪಾಸ್‌ವರ್ಡ್ ಹಾಕಬೇಕು, ಫೋನಿಗೆ ಬರುವ ಕೋಡ್ ಹಾಕಬೇಕು, ಬೆರಳು ಒತ್ತಬೇಕು. ಎದ್ದು ಹೋದರೆ ಪರದೆ ತಾನಾಗಿ ಕಪ್ಪಾಗಬೇಕು. ಹಾವು, ಮೊಸಳೆ, ಬೆಂಕಿ. ಗಿಳಿ ಸತ್ತರೂ ಪಂಜರ ಗಟ್ಟಿಯಾಗಿದೆ ಎಂದು ಈ ಮನುಷ್ಯನಿಗೆ ಸಮಾಧಾನ! ಅವಳು ಫೋನ್ ಕೆಳಗಿಟ್ಟು ಎದ್ದಳು.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಒರೆಸುತ್ತಿದ್ದರು. "ನಾನೇನು ಚಾಡಿ ಹೇಳಿದ್ನಾ? ನಾಲ್ಕು ಒಳ್ಳೆ ಮಾತಾಡ್ದೆ. ಇಷ್ಟಕ್ಕೆಲ್ಲ ಅವಳು ಮೆಟ್ಟಿಲು ಹತ್ತಿ ಬರ್ಬೇಕಾ?"

"ನಿಮ್ಮ ಒಳ್ಳೆ ಮಾತಿಂದ ಆಕೆ ನಾಳೆ ಶಾಲೆಗೆ ಹೇಗೆ ಹೋಗ್ತಾರೆ ಅತ್ತೆ?"

"ಕಾಲಲ್ಲಿ," ಅಂದರು ಅತ್ತೆ.

ಊಟಕ್ಕೆ ಬಂದ ಗಂಡ ಇಬ್ಬರ ಮುಖವನ್ನೂ ನೋಡಿ ತಟ್ಟೆಗೆ ತಲೆ ಬಗ್ಗಿಸಿದ. ಅವನದು ಬೀಗದಂಗಡಿ. ಕೀಲಿ ಕಳೆದುಕೊಂಡವರು, ಕಳ್ಳತನವಾದವರು, ಹೊಸ ಮನೆ ಕಟ್ಟಿಸಿದವರು, ಎಲ್ಲರೂ ಅವನ ಹತ್ತಿರವೇ ಬರುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ವಾರವೇ ಆ ಕೋಣೆಗೆಂದು ಅವನು ತಂದ ಹಿತ್ತಾಳೆಯ ಚಿಲಕ, ಕಿಟಕಿಯ ಮೇಲೆ ಕಾಗದ ಸುತ್ತಿಕೊಂಡು ಇನ್ನೂ ಹಾಗೇ ಕೂತಿತ್ತು. ಸೊಸೆ ಹಗಲುಹೊತ್ತು ಬಾಗಿಲು ಹಾಕಿಕೊಂಡರೆ ನೋಡಿದವರು ಏನಂತಾರೆ ಎಂದು ಅತ್ತೆ ಅಂದಿದ್ದರು. ಅವತ್ತಿನಿಂದ ಅವನ ಬಾಯಲ್ಲಿ ಒಂದೇ ಮಾತು.

"ನಾಳೆ ಹಾಕ್ತೀನಿ ಕಣೇ."

"ಊರಿಗೆಲ್ಲ ಬೀಗ, ನನಗೆ ಮಾತ್ರ ನಾಳೆ. ಚೆನ್ನಾಗಿದೆ."

"ಅಮ್ಮನ ಎದುರಿಗೆ ಯಾಕೆ ಈಗ..."

"ಅಮ್ಮನ ಎದುರಿಗೇ. ನಿಮಗೆ ಅಮ್ಮನ ಭಯ, ಮ್ಯಾನೇಜರಿಗೆ ಅವನ ಮೇಲಿನವನ ಭಯ. ನಿಮ್ಮಿಬ್ಬರ ಭಯಕ್ಕೆ ಕೆಳಗೊಬ್ಬಳು ಬಾಗಿಲು ಹಾಕ್ಕೊಂಡು ಕೂತಿದ್ದಾಳೆ."

ಅವನು ತುತ್ತು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಅವಳು ಅವನ ಚೀಲದಿಂದ ಡ್ರಿಲ್ ಎತ್ತಿಕೊಂಡಳು.

ಮೊದಲ ತೂತು ಓರೆಯಾಯಿತು. ಮರದ ಪುಡಿ ಕಣ್ಣಿಗೆ ಬಿತ್ತು. ಅವಳು ಒರೆಸಿಕೊಳ್ಳದೆ ಎರಡನೆಯದನ್ನು ಕೊರೆದಳು. ಗಂಡ ಎಂಜಲು ಕೈಯಲ್ಲೇ ಎದ್ದು ಬಂದು, "ಕೊಡಿಲ್ಲಿ, ಚೌಕಟ್ಟು ಸೀಳುತ್ತೆ" ಅಂದ.

"ಸೀಳಲಿ."

ಹಿಂದೆ ಅತ್ತೆ ಬಂದು ನಿಂತಿದ್ದರು. "ನಾನಿರೋ ಮನೇಲಿ ನನ್ನ ಮುಖಕ್ಕೇ ಬಾಗಿಲಾ?"

"ಮುಖಕ್ಕಲ್ಲ ಅತ್ತೆ, ಕಣ್ಣಿಗೆ."

ಕೊನೆಯ ಸ್ಕ್ರೂ ಅರ್ಧಕ್ಕೇ ಹಟ ಹಿಡಿಯಿತು. ಅಂಗೈ ಕೆಂಪಾಗುವಷ್ಟು ತಿರುಗಿಸಿ ಕೂರಿಸಿದಳು. ಒಳಗಿನಿಂದ ಬಾಗಿಲು ಮುಚ್ಚಿ ಚಿಲಕ ಸರಿಸಿದಳು. ಓರೆಯಾಗಿತ್ತು, ಆದರೂ ಕಚ್ಚಿಕೊಂಡಿತು.

ಪಾಸ್‌ವರ್ಡ್, ಕೋಡ್, ಬೆರಳು. ಮ್ಯಾನೇಜರಿಗಲ್ಲ, ಅವನ ಮೇಲಿನವರಿಗೇ ಬರೆಯತೊಡಗಿದಳು. ನನ್ನ ಪರದೆಯ ಮೇಲಿದ್ದ ಫೈಲನ್ನು ನನ್ನ ಮನೆಯವರು ಓದಿದ್ದಾರೆ, ಹೊರಗೆ ಹೇಳಿದ್ದಾರೆ. ಆ ಫೈಲಿನವರಿಗೆ ಇದರಿಂದ ಅನ್ಯಾಯವಾಗಿದೆ. ಇದನ್ನು ಬರೆಯಬೇಡಿ ಎಂದು ನನಗೆ ಹೇಳಲಾಯಿತು. ಹೇಳಿದವರ ಹೆಸರನ್ನೂ ಬರೆದಳು. ಈ ಕುರ್ಚಿ, ಈ ಮೇಜು, ಈ ಸಂಬಳ ತಿಂಗಳಾಚೆ ಇರುವುದೋ ಇಲ್ಲವೋ ಎಂದುಕೊಳ್ಳುತ್ತ ಮೊದಲಿನಿಂದ ಮತ್ತೊಮ್ಮೆ ಓದಿದಳು. ಒಂದು ಅಕ್ಷರವನ್ನೂ ಮೆದು ಮಾಡಲಿಲ್ಲ.

ಹೊರಗೆ ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ಅಭ್ಯಾಸದಂತೆ ಬಾಗಿಲು ಒಮ್ಮೆ ಒಳಕ್ಕೆ ಒತ್ತಿಕೊಂಡಿತು. ಚಿಲಕ ಕಿರ್ರೆಂದಿತು, ಬಿಡಲಿಲ್ಲ. ಆಮೇಲೆ ಬೆರಳ ಗಿಣ್ಣಿನ ಸದ್ದು, ಪರರ ಮನೆಯ ಬಾಗಿಲು ತಟ್ಟುವಂತೆ, ಮೆಲ್ಲಗೆ.

"ನೀರು," ಅಂದರು ಅತ್ತೆ ಹೊರಗಿನಿಂದ.

ಅವಳು ಪತ್ರ ಕಳಿಸುವ ಗುಂಡಿ ಒತ್ತಿದಳು. ಪರದೆ ಕಪ್ಪಾಗುವವರೆಗೆ ಕಾದು, ಆಮೇಲೆ ಎದ್ದಳು.