ನಾಲ್ಕು ಹಲ್ಲು, ಒಂದು ಕೆಂಪು ಗುಂಡಿ

ಬೈಲಹೊಂಗಲದ ಗೌರೀಶನ ರೆಕಾರ್ಡಿಂಗ್ ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಳೇ ಗಾದಿ ಬಡಿದ ಒಂದು ಕೋಣೆ. ಭಜನೆಯವರು, ಲಗ್ನದ ಹಾಡಿನವರು ಅಲ್ಲಿ ಬಂದು ಹಾಡಿ ಹೋಗುತ್ತಿದ್ದರು. ಹನ್ನೊಂದು ವರ್ಷ ಅವನ ಕಂಪ್ಯೂಟರು ಕದ್ದ ಸಾಫ್ಟ್‌ವೇರಿನ ಮೇಲೆ ಸುಖವಾಗಿ ಬದುಕಿತ್ತು. ಸೋಮವಾರ ಬೆಳಿಗ್ಗೆ ಅದಕ್ಕೆ ವೈರಸ್ ಬಡಿದು ಅಂಗಾತ ಬಿತ್ತು.

ಬೀಳಲು ಅದಕ್ಕೆ ಆ ವಾರವೇ ಬೇಕಿತ್ತೇ? ಗುರುವಾರ ದೇಗಾಂವದ ಶೆಟ್ಟೆವ್ವ ಹಾಡಲು ಬರುವವಳಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಅವಳ ಸೋಬಾನೆ ಇಲ್ಲದೆ ಮದುಮಗಳಿಗೆ ಅರಿಷಿಣ ಹಚ್ಚುವುದಿಲ್ಲ, ಅಂಥ ಹೆಸರು. ಈಗ ಸ್ವಂತ ಮೊಮ್ಮಗಳು ಗಂಗಾಳ ಲಗ್ನಕ್ಕೆ ಹನ್ನೆರಡೇ ದಿನ. ಆದರೆ ಶುಕ್ರವಾರ ಅವಳ ಅಲ್ಲಾಡುವ ಮುಂದಿನ ನಾಲ್ಕು ಹಲ್ಲು ಕೀಳಿಸುವುದೆಂದು ಗಂಡ ಬಸಲಿಂಗಪ್ಪ ಗೊತ್ತು ಮಾಡಿಬಿಟ್ಟಿದ್ದ. ಆ ಹಲ್ಲು ಹೋದರೆ ಸೋಬಾನೆಯಲ್ಲಿ ಉಳಿಯುವುದು ಬರೀ ಗಾಳಿ. ಲಗ್ನ ಮುಗಿಯಲಿ ಎಂದು ಮನೆಮಂದಿಯೆಲ್ಲ ಬೇಡಿಕೊಂಡರೂ ಮುದುಕ "ಡಾಕ್ಟರಗ ಮಾತ ಕೊಟ್ಟೇನಿ" ಎಂದು ಹಟ ಹಿಡಿದು ಕೂತ. ಹೀಗಾಗಿ ಹಲ್ಲಿರುವಾಗಲೇ ಹಾಡನ್ನು ಹಿಡಿದಿಡುವ ಭಾರ ಗೌರೀಶನ ತಲೆಗೆ ಬಂತು. ಅವನ ತಾಯಿಗೆ ಶೆಟ್ಟೆವ್ವ ತಂಗಿಯಾಗಬೇಕು, ಇಲ್ಲ ಎನ್ನುವಂತಿರಲಿಲ್ಲ.

"ಕಳವಿನ ಮಾಲು ಎಷ್ಟ ದಿನಾ ಬಾಳತೈತೋ?" ಎನ್ನುತ್ತ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಿಜಗುಣಪ್ಪ ಮಾಸ್ತರ ಪೆನ್‌ಡ್ರೈವ್ ಹಿಡಿದು ಬಂದ. "ಅದರ ಬದಲಿ ಲಿನಕ್ಸ್ ಹಾಕ್ತೇನಿ, ಪುಕಟ ಸಿಗತೈತಿ. ಎಲ್ಲಾ ಮುಕ್ತ, ಯಾರ ಹಂಗೂ ಇಲ್ಲ."

"ಅದರಾಗ ಹಾಡ ರೆಕಾರ್ಡ್ ಆಕ್ಕೈತೇನ್ರಿ ಮಾಸ್ತರ?"

"ಎಲ್ಲಾ ಐತಿ. ಹುಡಕಬೇಕಷ್ಟ."

ಹುಡುಕುವುದರಲ್ಲೇ ಮೂರು ದಿನ ಹೋಯಿತು. ಮೊದಲು ಸಿಕ್ಕ ಸಾಫ್ಟ್‌ವೇರು ಹಾಡು ಕೇಳಿಸುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡನೆಯದು ಐದು ಗೆರೆ ಎಳೆದು, ಮೇಲೆ ಸ್ವರದ ಚಿಹ್ನೆ ಬರೆಯಿರಿ ಎಂದಿತು. ಬೈಲಹೊಂಗಲದಲ್ಲಿ ಅದನ್ನು ಓದಬಲ್ಲ ಒಂದು ನರಪಿಳ್ಳೆಯೂ ಗೌರೀಶನಿಗೆ ಗೊತ್ತಿರಲಿಲ್ಲ. ಮೂರನೆಯದು ಬರೀ ಡ್ರಮ್ ಬಾರಿಸಿತು. ನಾಲ್ಕನೆಯದು ನೋಡಲು ಥೇಟ್ ಹಳೆಯದರಂತೆಯೇ ಇತ್ತು; ಗೌರೀಶ ಕೈಮುಗಿದೇಬಿಟ್ಟ. ಆದರೆ ಮೈಕಿನ ಮುಂದೆ ಎಷ್ಟು ಒದರಿದರೂ ಅದಕ್ಕೆ ಒಂದಕ್ಷರ ಮುಟ್ಟಲಿಲ್ಲ.

ಮಾಸ್ತರ ಇಂಟರ್ನೆಟ್ ಜಾಲಾಡಿದ. "ಇಲ್ನೋಡು, ಜರ್ಮನಿಯಾಂವ ಒಬ್ಬ ಬರದಾನ, ನನಗೂ ಹಿಂಗ ಆಗೈತಿ ಅಂತ."

"ಮುಂದ?"

"ಮುಂದ ಏನಿಲ್ಲ. ಬರದು ಎಂಟ ವರ್ಷ ಆತು."

ಬುಧವಾರ ಮಧ್ಯಾಹ್ನ ಏನೋ ಒತ್ತಲು ಹೋದಾಗ ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆಯಿತು. ಅದರಲ್ಲಿ ಈ ಕಡೆ ಮೈಕಿನ ಪೆಟ್ಟಿಗೆ, ಆ ಕಡೆ ಸಾಫ್ಟ್‌ವೇರಿನ ಪೆಟ್ಟಿಗೆ, ನಡುವೆ ಖಾಲಿ. ಸ್ಟುಡಿಯೋ ಇಡುವ ಮೊದಲು ಹತ್ತು ವರ್ಷ ಸವದತ್ತಿ, ರಾಮದುರ್ಗದ ಲಗ್ನಗಳಲ್ಲಿ ಲೌಡ್‌ಸ್ಪೀಕರ್ ಕಟ್ಟಿದವನು ಗೌರೀಶ. ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯ, ವಾಯರನ ಹಚ್ಚಿಲ್ಲಲ್ರೀ ಇದಕ್ಕ!"

ಮೌಸ್ ಹಿಡಿದು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಗೆರೆ ಎಳೆದ. ಪರದೆಯ ಮೇಲೆ ದನಿಯ ಹಸಿರು ಪಟ್ಟಿ ಜಿಗಿಯಿತು. ಮಾಸ್ತರನ ಮುಖ ಸಣ್ಣದಾಯಿತು.

ಗುರುವಾರ ಶೆಟ್ಟೆವ್ವ ಮೂವರು ಗೆಳತಿಯರೊಡನೆ ಬಂದಳು. ಬಸಲಿಂಗಪ್ಪ ಹೊರಗೆ ಪಡಸಾಲೆಯಲ್ಲಿ ಕುಳಿತು "ಲಗೂ ಮುಗಸ್ರಿ" ಎಂದು ಆಗಲೇ ಗೊಣಗತೊಡಗಿದ್ದ. ಗೌರೀಶ ಬಾಗಿಲು ಹಾಕಿ, ದನಿ ಎಷ್ಟು ಏರುತ್ತದೆಂದು ನೋಡಲು ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿದ.

"ಚಿಗವ್ವಾ, ಏನರ ಮಾತಾಡ್ರಿ."

ಬೆಳಗಿನಿಂದ ಬೈಗಿನತನಕ ಬಾಯಿ ಮುಚ್ಚದ ಶೆಟ್ಟೆವ್ವನಿಗೆ ಮೈಕಿನ ಮುಂದೆ ಮಾತೇ ಹೊರಡಲಿಲ್ಲ.

"ನಿಮ್ಮ ಹೆಸರು, ಯಜಮಾನರ ಹೆಸರು ಹೇಳ್ರಿ, ಸಾಕು."

ಗೌರೀಶ ಎಡವಿದ್ದು ಇಲ್ಲೇ. ಗಂಡನ ಹೆಸರನ್ನು ಹಾಗೆ ಬರಿದೆ ಹೇಳುತ್ತಾರೆಯೇ? ಪ್ರಾಸ ಕಟ್ಟಿ, ಒಡಪು ಹಾಕಿಯೇ ಹೇಳಬೇಕು. ಶೆಟ್ಟೆವ್ವ ಸೆರಗು ಸರಿಮಾಡಿಕೊಂಡಳು.

"ಡಬ್ಬ್ಯಾಗ ತುಂಬೇನಿ ಶೇಂಗಾದ ಹಿಂಡಿ, ಬಸಲಿಂಗಪ್ಪಾರು ಹಟಕ್ಕ ನಿಂತ್ರ ಕದಲಂಗಿಲ್ಲ ಬಂಡಿ!"

ಗೆಳತಿಯರು ಬಿದ್ದು ಬಿದ್ದು ನಕ್ಕರು. "ಇನ್ನೊಂದ ಹೇಳವಾ" ಎಂದು ದುಂಬಾಲು ಬಿದ್ದರು. ಅವಳು ಇನ್ನೊಂದು ಹೇಳಿದಳು, ಮತ್ತೂ ಒಂದು ಹೇಳಿದಳು. ನಗೆ ಇಳಿದ ಮೇಲೆ ಗೌರೀಶ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಇನ್ನು ಶುರು ಎಂದು ಭಕ್ತಿಯಿಂದ ಕೆಂಪು ಗುಂಡಿ ಒತ್ತಿದ.

ಶೆಟ್ಟೆವ್ವ ಹಾಡಿದಳು. ಮುಕ್ಕಾಲು ತಾಸು ಆ ನಾಲ್ಕು ಹೆಂಗಸರು ಆ ಗಾದಿಯ ಕೋಣೆಯನ್ನು ಲಗ್ನದ ಮನೆಯನ್ನಾಗಿ ಮಾಡಿಬಿಟ್ಟರು. ಗೌರೀಶನಿಗೆ ತೀರಿಹೋದ ತಾಯಿ ನೆನಪಾಗಿ ಕಣ್ಣು ತುಂಬಿದವು. ಹಸಿರು ಪಟ್ಟಿ ಕುಣಿಯುತ್ತಲೇ ಇತ್ತು. ಮಂಗಳಾರತಿ ಹಾಡಿ ಮುಗಿಸಿದಾಗ ಅವನು ಕಣ್ಣೊರೆಸಿಕೊಂಡು ನೋಡಿದ.

ಹಾಡು ಇರಲಿಲ್ಲ. ಮೊದಲು ಒತ್ತಿದ್ದ ಗುಂಡಿಯನ್ನು ಅವನು ಆರಿಸಿಯೇ ಇರಲಿಲ್ಲ. ಕಾಯಿ ಒಡೆದು ಒತ್ತಿದಾಗ ಅದು ಆರಿತ್ತು. ಹಸಿರು ಪಟ್ಟಿ ಕೇಳುತ್ತಿತ್ತೇ ಹೊರತು ಏನನ್ನೂ ಬರೆದುಕೊಂಡಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಮತ್ತೊಮ್ಮೆ ಹಾಡೂಣಂದ್ರ ಮಂಗಳಾರತಿ ಆಗಿ ಹೋತಲ್ಲೋ ತಮ್ಮಾ," ಎಂದಳು ಶೆಟ್ಟೆವ್ವ. ಮಂಗಳಾರತಿಯಾದ ಮೇಲೆ ಆ ದಿನ ಮತ್ತೆ ಸೋಬಾನೆ ಹಿಡಿಯುವ ಪದ್ಧತಿ ಅವರಲ್ಲಿಲ್ಲ. ನಾಳೆ ಎಂದರೆ ಹಲ್ಲಿಲ್ಲ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇರಲಿ ಬಿಡು. ಏನ ಉಳದೈತಿ ಅದನ್ನರ ಕೇಳಸು."

ಗೌರೀಶ ಬಾಗಿಲು ತೆರೆದು, ದೊಡ್ಡ ಸ್ಪೀಕರಿಗೆ ಹಚ್ಚಿದ. ಹಿಂಡಿಯ ಒಡಪು ಬಂತು, ನಗೆ ಬಂತು. ಆಮೇಲೆ ಶೆಟ್ಟೆವ್ವನ ದನಿ ಕೊಂಚ ಮೆತ್ತಗಾಗಿ ಕೇಳಿಸಿತು.

"ಕಿತ್ತೂರ ದಾರ್ಯಾಗ ಹಿಡೀತು ಜಿಟಿಜಿಟಿ ಮಳಿ, ತಾವು ತೊಯ್ಕೊಂಡು ಬಸಲಿಂಗಪ್ಪಾರು ನನಗ ಹೊಚ್ಚಿದ್ರು ಕಂಬಳಿ."

ಬಾಗಿಲಲ್ಲಿ ಬಸಲಿಂಗಪ್ಪ ನಿಂತಿದ್ದ. "ಯಾರ ಕರದ್ರ ನನ್ನ?"

ಐವತ್ತೆರಡು ವರ್ಷ ಹೆಂಡತಿಯಿಂದ "ಏನ್ರಿ", "ಇಲ್ಲೆ ಕೇಳ್ರಿ" ಎಂದಷ್ಟೇ ಕೂಗಿಸಿಕೊಂಡ ಮನುಷ್ಯ ಸ್ಪೀಕರನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಆ ಮಳಿ ನಿನಗ ಇನ್ನೂ ನೆಪ್ಪೈತೇನ?"

"ಮರೀತಾರೇನ್ರಿ?" ಎಂದಳು ಶೆಟ್ಟೆವ್ವ.

ಅವನು ಅಂಗಿಯ ಕಿಸೆಯಿಂದ ತನ್ನ ಗುಂಡಿ ಫೋನು ತೆಗೆದು ಡಾಕ್ಟರಿಗೆ ಹಚ್ಚಿದ. "ನಾಳೆ ಬರಾಂಗಿಲ್ರಿ. ಲಗ್ನದಾಗ ಈಕಿ ಹಾಡಬೇಕು. ಆಮ್ಯಾಲ ನೋಡೂಣು."

ಗೆಳತಿಯರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಮೂರು ದಿನ ನಿದ್ದೆಗೆಟ್ಟ ಗೌರೀಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆ ಮಳಿದಷ್ಟ ನನ್ನ ಫೋನಿಗೆ ಹಾಕಿ ಕೊಡು," ಎಂದ ಮುದುಕ.

ಗೌರೀಶ ಹಾಕಿದ. ಫೋನು ಅದನ್ನು ಬಾರಿಸಲು ಒಪ್ಪಲಿಲ್ಲ. "ಇದಕ್ಕ ಬ್ಯಾರೆ ಸಾಫ್ಟ್‌ವೇರ್ ಹುಡಕಬೇಕ್ರಿ ಕಾಕಾ. ಹೊತ್ತ ಹಿಡಿತೈತಿ."

ಬಸಲಿಂಗಪ್ಪ ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಕುಳಿತ.

"ಹುಡಕು. ಅಲ್ಲೀತನಾ ಅದನ್ನ ಮತ್ತೊಮ್ಮೆ ಹಚ್ಚು."