ಎರಡು ಬೀಗದ ತೂಬು ಮತ್ತು ಗ್ಯಾನಪ್ಪ

ಗ್ಯಾನಪ್ಪ ನಡೆಯುವಾಗ ಬಲಗೈ ಸದಾ ಎದೆಯ ಎಡಭಾಗವನ್ನು ಒತ್ತಿ ಹಿಡಿದಿರುತ್ತಿತ್ತು, ಹೊಸಬರು ಗಾಬರಿಯಾಗಿ "ಎದಿ ನೋವೇನ್ರಿ?" ಎಂದರೆ, "ಇಲ್ರಿ, ಚಾವಿ ಐತಿ" ಎಂದು ನಿರ್ವಿಕಾರವಾಗಿ ಮುಂದೆ ಸಾಗುತ್ತಿದ್ದ. ಗಂಗಾವತಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲೂ ಅವನು ಉಣ್ಣೆಯ ಕೋಟು ಬಿಚ್ಚದಿದ್ದುದಕ್ಕೆ ಕಾರಣ ಇಷ್ಟೇ: ಒಳಕಿಸೆ ಇದ್ದದ್ದು ಅದೊಂದಕ್ಕೇ.

ಮರಳಿ ಎಂಬ ಊರಿನ ಆಚೆ ಒಂದೇ ಉಪಕಾಲುವೆಯ ನೀರು ಉಣ್ಣುವ ಮೇಲಿನೂರು, ಕೆಳಗಿನೂರುಗಳು ಎರಡು ಬೇಸಿಗೆ ತಲೆ ಒಡೆದುಕೊಂಡ ಮೇಲೆ, ೧೯೯೮ರಲ್ಲಿ ರಾಜಿಯಾಯಿತು. ಕರಾರು ಬರೆದವನು ನಾನು, ಆಗ ಅಲ್ಲಿನ ಶಾಲೆಯ ಮೇಷ್ಟ್ರು. ವಾರಕ್ಕೊಂದು ಊರಿನ ಪಾಳಿ. ತೂಬಿಗೆ ಎರಡು ಬೀಗ. ಒಂದರ ಚಾವಿ ಮೇಲಿನೂರಿನ ಗ್ಯಾನಪ್ಪನಲ್ಲಿ, ಇನ್ನೊಂದರದು ಕೆಳಗಿನೂರಿನ ದುರುಗಪ್ಪನಲ್ಲಿ. ಇಬ್ಬರೂ ಬಂದರೆ ಮಾತ್ರ ತೂಬು ಏಳತಕ್ಕದ್ದು. ಇಬ್ಬರಲ್ಲೊಬ್ಬ ಹಾಸಿಗೆ ಹಿಡಿದರೆ ಗತಿಯೇನೆಂದು ಬರೆಯುವುದು, ಅಕ್ಷರ ದುಂಡಗೆ ಮೂಡಿಸುವ ಸಂಭ್ರಮದಲ್ಲಿದ್ದ ನನಗೆ ಹೊಳೆಯಲೇ ಇಲ್ಲ. ಚಾವಿಯವರಿಬ್ಬರ ನಡುವೆ ಮೂರು ವರ್ಷ ನಡೆದ ಸಂಭಾಷಣೆಯಾದರೂ ಎರಡೇ ಮಾತು: "ತಗೀರಿ", "ಹಾಕ್ರಿ".

ಮೂರನೆಯ ವರ್ಷ, ಮೇಲಿನೂರಿನ ಪಾಳಿ ಬಂದ ದಿನವೇ ದುರುಗಪ್ಪ ಜ್ವರ ಬಂದು ಗಂಗಾವತಿಯ ದವಾಖಾನೆ ಸೇರಿದ, ಉಡದಾರದ ಚಾವಿಯ ಸಮೇತ. ಗ್ಯಾನಪ್ಪನ ಎರಡೆಕರೆ ಭತ್ತ ತೆನೆ ಕಟ್ಟುತ್ತಿತ್ತು, ಗದ್ದೆ ಬಿರಿಯುತ್ತಿತ್ತು. ಎರಡು ದಿನ ಕಾದ ಮೇಲೆ ಅವನ ಹೆಂಡತಿ ಮುದುಕಮ್ಮ ಒಂದು ಕಲ್ಲನ್ನು ತಂದು ಮುಂದಿಟ್ಟು, "ಪಾಳಿ ನಮ್ಮದೈತಿ, ಬೀಗ ಒಡೀರಿ" ಎಂದಳು. ಅವನು ಆ ಕಲ್ಲಿನ ಮೇಲೆಯೇ ಕೂತು ಒಂದು ಬೀಡಿ ಸೇದಿ, ಎದ್ದು ಬಸ್ಸು ಹತ್ತಿದ.

ದವಾಖಾನೆಯಲ್ಲಿ ದುರುಗಪ್ಪ ಅವನನ್ನು ಕಂಡೊಡನೆ ಚಾವಿ ಬಿಚ್ಚಿ ಮುಂದೆ ಹಿಡಿದ. ಗ್ಯಾನಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಎರಡೂ ನನ್ನ ಕಿಸೆದಾಗ ಬಂದ್ರ ನಾ ಭಾಳ ದಿನ ಛಲೋ ಮನಷ್ಯಾ ಆಗಿ ಉಳಿಯಂಗಿಲ್ಲ. ಏಳ್ರಿ, ಆಟೋ ನಿಂತೈತಿ."

ಡಾಕ್ಟರರ ಬೈಗುಳವನ್ನು ಬೆನ್ನಿಗೆ ಹಾಕಿಕೊಂಡು, ಕಂಬಳಿ ಸುತ್ತಿದ ದುರುಗಪ್ಪನೂ ಅವನ ಸಲಾಯಿನ್ ಬಾಟಲಿ ಎತ್ತಿ ಹಿಡಿದ ಗ್ಯಾನಪ್ಪನೂ ತೂಬಿನೆದುರು ಇಳಿದಾಗ, ಎಂದೂ ಯಾವುದಕ್ಕೂ ಒಮ್ಮತಕ್ಕೆ ಬಾರದ ಎರಡೂ ಊರು ಒಟ್ಟಿಗೆ ನಕ್ಕವು. ಬೀಗ ತೆರೆದವು, ನೀರು ಹರಿಯಿತು, ರೋಗಿ ಮರಳಿ ಮಂಚ ಸೇರಿದ. ಗ್ಯಾನಪ್ಪನ ಗದ್ದೆಯ ಮೇಲ್ಮೂಲೆಯ ಭತ್ತ ಮಾತ್ರ ಜೊಳ್ಳಾಯಿತು. ಮುದುಕಮ್ಮ ಒಂದು ತಿಂಗಳು ಅವನ ಕೂಡ ಮಾತು ಬಿಟ್ಟಳು.

ನಕ್ಕವರಲ್ಲಿ ನಾನೂ ಇದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ. ಎದುರಿನವನನ್ನು ನಂಬುವ ದೊಡ್ಡ ಮನಸ್ಸಿನಿಂದ ರಾಜಿ ಬಾಳುತ್ತದೆಂದು ಕರಾರು ಬರೆಯುವ ನಾವು ತಿಳಿದಿರುತ್ತೇವೆ. ಅದನ್ನು ಬಾಳಿಸುವವರು ತಮ್ಮನ್ನೇ ತಾವು ಪೂರ್ತಿ ನಂಬದ, ಹಾಗೆಂದು ಬಾಯಿಬಿಟ್ಟು ಹೇಳಲೂ ಸಂಕೋಚಪಡದ ಇಂಥ ಹಟಮಾರಿಗಳು.