ಅಜ್ಜಿಯ ಬೀಟ್‌ರೂಟ್

ಅಲ್ಬೇನಿಯಾದಲ್ಲಿ ದೇವರ ಹೆಸರೆತ್ತಿದರೆ ಜೈಲಿಗೆ ಹಾಕುತ್ತಿದ್ದ ಕಾಲ ಅದು. ನಮ್ಮೂರ ಇಗರ್ಜಿಯೊಳಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಆದರೂ ಈಸ್ಟರ್ ಬಂತೆಂದರೆ ನಮ್ಮ ತೋನೆ ಅಜ್ಜಿ ಕದ ಹಾಕಿಕೊಂಡು, ಮಂಜಿಷ್ಠದ ಬೇರು ಕುದಿಸಿ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಿದ್ದಳು. ತಿಂದ ಮೇಲೆ ಚಿಪ್ಪೆಲ್ಲ ಒಲೆಗೆ. ಆ ವರ್ಷ ನನ್ನ ಬೆರಳಿಗೆ ಹತ್ತಿದ ಬಣ್ಣ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಸ್ಕೂಲಲ್ಲಿ ಕೇಳಿದ್ರೆ ಏನೇ ಹೇಳ್ತೀಯಾ?" ಎಂದಳು ಅಜ್ಜಿ.

"ಬೀಟ್‌ರೂಟ್ ಹೆಚ್ಚಿದೆ ಅಂತೀನಿ."

"ಹಬ್ಬದ ದಿನ ಸುಳ್ಳು ಹೇಳೋಕೆ ನಾಚಿಕೆ ಆಗಲ್ವೇನೇ?" ಎಂದು ಗದರಿ, ಒಂದು ಬೀಟ್‌ರೂಟನ್ನೂ ಚಾಕುವನ್ನೂ ತಂದು ನನ್ನ ಮುಂದಿಟ್ಟಳು. "ಹೆಚ್ಚು!"

ಮರುದಿನ ದ್ರಾಂದೆ ಟೀಚರ್ ಎಲ್ಲರ ಕೈ ನೋಡುತ್ತಾ ಬಂದರು. ನನ್ನ ಹತ್ತಿರ ನಿಂತರು.

"ಏನಿದು?"

"ಬೀಟ್‌ರೂಟ್ ಹೆಚ್ಚಿದೆ, ಟೀಚರ್."

ಅವರು ನನ್ನ ಬೆರಳನ್ನೇ ನೋಡಿದರು. "ಸರಿ, ಕೂತ್ಕೋ," ಎಂದು ಮುಂದೆ ಹೋದರು.

ಸಂಜೆ ಎಲ್ಲವನ್ನೂ ಅಜ್ಜಿಗೆ ಹೇಳಿದೆ. "ಟೀಚರ್ ಇವತ್ತು ಬಿಸಿಲಲ್ಲೂ ಕೈಗವಸು ಬಿಚ್ಚಲೇ ಇಲ್ಲ ಅಜ್ಜೀ. ಬೋರ್ಡ್ ಮೇಲೆ ಬರೆಯೋವಾಗ್ಲೂ!"

ಅಜ್ಜಿ ಬುಟ್ಟಿಗೆ ಕೈ ಹಾಕಿದಳು.

"ಪಾಪ, ಅವಳ ಮನೇಲಿ ಬೀಟ್‌ರೂಟ್ ಇರ್ಲಿಲ್ಲ ಅನ್ಸತ್ತೆ. ನಾಳೆ ಇದನ್ನ ಕೊಟ್ಬಿಡು."